ಚಂದ್ರಪ್ರಭ ಬ್ಯಾಟರಿಯೊಳಗಿನ ಚೀಟಿ

ಕುಪವಾಡ, ಸಾಂಗಲಿ
ಶುಕ್ರವಾರ, ೧೨ ಸೆಪ್ಟೆಂಬರ ೨೦೦೩

ನನ್ನ ಮುದ್ದಿನ ಜಿನಮತಿಗೆ ನೇಮಿನಾಥ ಕಾಕಾ ಮಾಡುವ ಆಶೀರ್ವಾದಗಳು.

ಮೊದಲು ಆರೋಗ್ಯದ ಮಾತು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಎಷ್ಟು ಉಪವಾಸ ಹಿಡಿದಿದ್ದೆ? ಉಪವಾಸ ಬಿಟ್ಟ ಮರುದಿನ ನಿನಗೆ ತಲೆ ಸುತ್ತುವುದು ಚಿಕ್ಕಂದಿನಿಂದಲೂ ಇದೆ. ಅದನ್ನು ನಿನ್ನ ಸಂಘದ ಮಾತಾಜಿಯವರಿಗೆ ಹೇಳಿದ್ದೀಯೋ, ಬಾಯಿ ಮುಚ್ಚಿಕೊಂಡು ಕೂತಿದ್ದೀಯೋ? ನೀನು ದಿನಕ್ಕೆ ಒಂದೇ ಹೊತ್ತು ಉಣ್ಣುತ್ತೀ ಎಂದು ಕೇಳಿದಾಗಿನಿಂದ ನಿನ್ನ ಶಾಲನ ಕಾಕುವೂ ಒಪ್ಪತ್ತು ಮಾಡುತ್ತಿದ್ದಾಳೆ. ಧರ್ಮಕ್ಕಲ್ಲ, ಹಟಕ್ಕೆ. ನಾನು ಮಾತ್ರ ಗಟ್ಟಿಯಾಗಿದ್ದೇನೆ. ಅರವತ್ತೆರಡು ತುಂಬಿದರೂ ಸ್ಕೂಟರನ್ನು ಒಂದೇ ಒದೆತಕ್ಕೆ ಚಾಲೂ ಮಾಡುತ್ತೇನೆ. ಇಡೀ ಎಂಐಡಿಸಿ ಕಾರಖಾನೆ ವಸಾಹತಿನಲ್ಲಿ ಹೀಗೆ ಮಾಡುವವನು ನೇಮಿನಾಥನೊಬ್ಬನೇ ಎಂದು ಹೇಳುತ್ತಾರೆ. ಯಾರು ಹೇಳುತ್ತಾರೆ ಎಂದು ಕೇಳಬೇಡ, ನಾನೇ ಹೇಳುತ್ತೇನೆ.

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ದಸರೆಯ ದಿನ ನಿನಗೆ ಆರ್ಯಿಕಾ ದೀಕ್ಷೆ, ಸಂಸಾರ ಬಿಡುವ ದೀಕ್ಷೆ, ಅದಕ್ಕೆ ಮನೆಯವರ ಒಪ್ಪಿಗೆಯ ಕಾಗದ ಬೇಕು, ಅದಿಲ್ಲದೆ ಮಾತಾಜಿಯವರು ದೀಕ್ಷೆ ಕೊಡುವುದಿಲ್ಲ, ನಾಲ್ಕು ಸಾಲು ಬರೆದು ಸಹಿ ಹಾಕಿ ಕಳಿಸಿರಿ ಎಂದು ಬರೆದಿದ್ದೀ. ನೀನು ತೊಟ್ಟಿಲಲ್ಲಿದ್ದಾಗಲೇ ನಿನ್ನ ತಾಯಿ ಹೋದರು. ನಿನ್ನ ಅಪ್ಪ, ನನ್ನ ಅಣ್ಣ ಕಾಡಪ್ಪ, ನಿನ್ನ ಒಂಬತ್ತನೆಯ ವರ್ಷಕ್ಕೆ ಹೋದ. ಮನೆಯವರು ಅಂದರೆ ಈಗ ನಾವಿಬ್ಬರೇ. ಬೆಳಿಗ್ಗೆ ಹೊರಟು ಎರಡು ಬಸ್ಸು ಬದಲಿಸಿದರೆ ಮಧ್ಯಾಹ್ನಕ್ಕೆ ಸ್ತವನಿಧಿಯಲ್ಲಿ ನಿನ್ನ ಎದುರು ನಿಂತಿರಬಹುದು. ಆದರೂ ಪೋಸ್ಟಿಗೆ ಹಾಕುತ್ತಿದ್ದೇನೆ. ಊರಿಗೆಲ್ಲ ಬಾಯಿ ಮಾಡುವ ನಿನ್ನ ಕಾಕಾನಿಗೆ ನಿನಗೊಬ್ಬಳಿಗೆ ಮುಖ ತೋರಿಸುವ ಧೈರ್ಯವಿಲ್ಲ. ಒಪ್ಪಿಗೆಗೆ ಸಹಿ ಹಾಕು ಎಂದು ಕಾಕುವಿನ ಕೈಗೆ ಪೆನ್ನು ಕೊಟ್ಟರೆ ಒಂದೇ ಮಾತು ಹೇಳುತ್ತಾಳೆ: “ಆಕಿಗೆ ಖರೇನ ವೈರಾಗ್ಯ ಬಂದಿದ್ರ ಹೋಗ್ಲಿ, ಅತ್ಕೊಂತ ಸಹಿ ಹಾಕತೇನಿ. ನೀವು ಮಾಡಿದ್ದಕ್ಕ ಬ್ಯಾಸತ್ತು ಹೊಂಟಿದ್ರ ಮಾತ್ರ ನನ್ನ ಕೂಸನ್ನ ನಾ ಯಾರಿಗೂ ಕೊಡೂದಿಲ್ಲ.” ಹದಿನೆಂಟು ದಿನದಿಂದ ನನ್ನನ್ನು ಕೊರೆಯುತ್ತಿರುವುದೂ ಇದೇ.

ನಿನ್ನ ಅಜ್ಜ ಮಿರಜಿನಲ್ಲಿ ಹಿತ್ತಾಳೆ ಪಾತ್ರೆ ಮಾರುತ್ತಿದ್ದವನು ಕೈಯಲ್ಲಿ ಹಿಡಿಯುವ ಬ್ಯಾಟರಿ ದೀಪ ಮಾಡುವವನಾದದ್ದು ಯಾಕೆ ಎಂದು ನಿನಗೆ ನೂರು ಸಲ ಹೇಳಿದ್ದೇನೆ. ನೂರಾ ಒಂದನೆಯ ಸಲ ಕೇಳು. ಚಿಮಣಿ ಬುಡ್ಡಿಗೆ ಬಿದ್ದು ಸತ್ತ ಹುಳಗಳನ್ನು ನಿನ್ನ ಅಜ್ಜಿ ಬೆಳಿಗ್ಗೆ ಎಣಿಸುತ್ತಿದ್ದಳು, ಎಣಿಸಿದ ದಿನ ಉಣ್ಣುತ್ತಿರಲಿಲ್ಲ. ಹೆಂಡತಿಯನ್ನು ಉಣ್ಣಿಸಲಿಕ್ಕೆಂದು ಅವನು ಹುಳ ಸಾಯದ ದೀಪ ಮಾಡಿದ. ಹಿತ್ತಾಳೆಯ ನಳಿಗೆ, ಮೇಲೆ ನಿಕಲ್ ಪಾಲಿಶ್, ಎಂಟನೆಯ ತೀರ್ಥಂಕರರ ಹೆಸರು, ಅರ್ಧ ಚಂದ್ರನ ಗುರುತು. ಹೊಲಕ್ಕೆ ನೀರು ಹಾಯಿಸುವವರಲ್ಲಿ ಯಾರ ಸೊಂಟ ನೋಡಿದರೂ ನಮ್ಮ ಚಂದ್ರಪ್ರಭವೇ. ಆದರೆ ಆ ಹೆಸರಿಗೆ ಬೆಲೆ ತಂದವಳು ನೀನು, ಇದನ್ನು ನಾನು ನಿನ್ನೆದುರು ಎಂದೂ ಒಪ್ಪಿಕೊಂಡಿರಲಿಲ್ಲ. ಶಾಲೆ ಮುಗಿಸಿ ಬಂದು ಕಾರಖಾನೆಯ ಕತ್ತಲೆ ಖೋಲಿಯಲ್ಲಿ ಕೂತೆ. ಕರಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಚಕ್ರ. ಬ್ಯಾಟರಿಯ ಬೆಳಕು ಆ ಚಕ್ರವನ್ನು ಅಂಚಿನತನಕ ತುಂಬಬೇಕು, ನಡುವೆ ಕಪ್ಪು ಕಲೆ ಬೀಳಬಾರದು. ಪಾಸಾದುದರ ತಳದ ಮುಚ್ಚಳದೊಳಗೆ ಉಗುರಿನಷ್ಟು ಚೀಟಿ ಇಡುತ್ತಿದ್ದೆ, ಅದರ ಮೇಲೆ ಕನ್ನಡದಲ್ಲಿ ‘ಜಿ’ ಎಂದು ಒಂದೇ ಅಕ್ಷರ. ಮರಾಠಿ ಶಾಲೆಗೆ ಹೋಗುತ್ತಿದ್ದ ನಿನಗೆ ಕನ್ನಡ ತಿದ್ದಿಸಿದವನು ನಾನು, ಜತ್ತದ ಕಡೆ ಸೋದರಮಾವನ ಹಳ್ಳಿ ಶಾಲೆಯಲ್ಲಿ ಏಳನೆಯತನಕ ಓದಿದವನ ವಿದ್ಯೆ ಅದು. ಸಾಂಗಲಿ ಪೇಟೆಯ ಗುರುಪಾದನ ಅಂಗಡಿಯಲ್ಲಿ ಗಿರಾಕಿಗಳು ಮುಚ್ಚಳ ತಿರುವಿ ನೋಡುತ್ತಿದ್ದರು. ಕನ್ನಡ ಓದಲು ಬಾರದಿದ್ದರೂ ಆ ಸುರುಳಿ ಅಕ್ಷರದ ಗುರುತು ಹಿಡಿದು ಕೇಳುತ್ತಿದ್ದರು: “ಜಿಲೇಬಿ ಚೀಟಿ ಐತೇನ್ರಿ ಒಳಗ? ಇದ್ರ ಕೊಡ್ರಿ.”

ಚೀನಾದ ಮಾಲಿನಲ್ಲಿ ಮುಂಬಯಿಯಿಂದ ಮೊದಲು ಬಂದದ್ದು ಸಣ್ಣವು. ಕೀಲಿಕೈಗೆ ನೇತಾಡುವ, ಹೆಬ್ಬೆರಳಿನಷ್ಟು ದೀಪಗಳು. ಮಿರಜ ಸ್ಟೇಶನ್ನಿನ ಹೊರಗೆ ಕೈಗಾಡಿಯ ಮೇಲೆ ರಾಶಿ ಹಾಕಿ ಮಾರುತ್ತಿದ್ದರು, ಮಾಧವನಗರದ ಆಟೋದವರೆಲ್ಲ ಒಂದೊಂದು ತೂಗುಹಾಕಿಕೊಂಡರು. ಬಸದಿಯ ಕಟ್ಟೆಯ ಮೇಲೆ ಕೂತು ನಾನು ಏನೆಂದಿದ್ದೆ, ನೆನಪಿದೆಯಲ್ಲ? “ಚೀನಾದವ್ರು ನನ್ನ ಕಡೆ ಬಂದು ಆರ ತಿಂಗಳ ಕಲೀಬೇಕು!” ಆರು ತಿಂಗಳಲ್ಲಿ ದೊಡ್ಡವೂ ಬಂದವು. ಪ್ಲಾಸ್ಟಿಕ್ಕಿನವು, ಹಗುರ, ನಮ್ಮ ಹಿತ್ತಾಳೆಯ ತಗಡಿನ ಬೆಲೆಗೆ ಅವರ ಇಡೀ ಬ್ಯಾಟರಿಯೇ ಸಿಗುತ್ತಿತ್ತು. ನಮ್ಮ ಸಾಲಿನ ಶೆಡ್ಡುಗಳು ಒಂದೊಂದಾಗಿ ಬಾಗಿಲೆಳೆದವು. ಗುರುಪಾದ ನನ್ನ ಪೆಟ್ಟಿಗೆಗಳನ್ನು ಮೇಲಿನ ಹಲಗೆಯ ಫಳಿಗೆ ಏರಿಸಿಟ್ಟು, “ನೇಮಣ್ಣಾ, ನಿಮ್ಮ ಮಾಲಿನ ಧೂಳ ಝಾಡಿಸಿ ಝಾಡಿಸಿ ನನ್ನ ಕೈ ಸೋತಾವ” ಎಂದ. ಅಷ್ಟು ಜಂಭ ಕೊಚ್ಚಿದವನು ಸೋತೆ ಎಂದು ಹೇಗೆ ಹೇಳಲಿ? ಅದೇ ಹೊತ್ತಿಗೆ ನೀನು ವಿಷಮಜ್ವರದಿಂದ ಒಂದು ತಿಂಗಳು ಹಾಸಿಗೆ ಹಿಡಿದೆ.

ಆ ತಿಂಗಳು ನಾನು ಮುಂಬಯಿಯಿಂದ ಹೆಸರಿಲ್ಲದ ಪ್ಲಾಸ್ಟಿಕ್ ಬ್ಯಾಟರಿ ತಂದೆ. ಬೆಳ್ಳಿ ಬಣ್ಣ ಹೊಡೆಸಿ ಅರ್ಧ ಚಂದ್ರ ಒತ್ತಿಸಿದೆ. ಚೀಟಿ ಇಲ್ಲದೆ ಯಾರೂ ಮುಟ್ಟುವುದಿಲ್ಲವಲ್ಲ, ನಿನ್ನ ಸ್ಟೂಲಿನ ಮೇಲೆ ಕೂತು ಚೀಟಿಯನ್ನೂ ಬರೆದೆ. ಒಂದು ಬ್ಯಾಟರಿಯನ್ನೂ ಚಕ್ರಕ್ಕೆ ಹಿಡಿಯಲಿಲ್ಲ. ಇನ್ನೂರು ‘ಜಿ’ ಬರೆದೆ, ಜಿನಾ. ಬರೆಯುವಾಗ ನಾಚಿಕೆಯಾಯಿತೇ ಎಂದರೆ ಸುಳ್ಳು ಹೇಳಲಾರೆ, ಆಗಲಿಲ್ಲ. ಅಕ್ಷರ ಕಲಿಸಿದವನೇ ನಾನು, ನನಗಿಲ್ಲದ ಹಕ್ಕು ಯಾರಿಗಿದೆ ಎಂದುಕೊಂಡೆ. ಅಂಥ ಸೊಕ್ಕು.

ಆಮೇಲೆ ಹರಿಪುರದ ಧೋಂಡಪ್ಪ ಬಂದ. ಅರಿಶಿನ ಬೆಳೆಯುವವನು. ನಸುಕಿನಲ್ಲಿ ಕರೆಂಟು ಬಂತೆಂದು ಪಂಪಿನ ಕಡೆ ಹೊರಟಾಗ ಕೈಯಲ್ಲಿದ್ದ ಬೆಳಕು ದಾರಿಯ ನಡುವೆಯೇ ಆರಿ, ಬಾವಿಯ ಮೆಟ್ಟಿಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡಿದ್ದ. ಬಗಲಿಗೆ ಕೋಲು ಕೊಟ್ಟುಕೊಂಡು ಬಂದವನು ಜಗಳಕ್ಕೆ ಬಂದಿರಲಿಲ್ಲ, ರಿಪೇರಿಗೆ ಬಂದಿದ್ದ. “ತಂಗೀ, ನಿನ್ನ ಚೀಟಿ ನೋಡೇ ತಗೊಂಡಿದ್ದೆ. ಒಳಗ ಏನೋ ಸಡಲಾಗೇತಿ, ನೋಡವ್ವ” ಎಂದ. ನೀನು ಮುಚ್ಚಳ ತಿರುವಿದೆ. ಚೀಟಿಯನ್ನು ಬೆರಳ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ನಮ್ಮ ಶೆಡ್ಡಿನಲ್ಲಿ ಸಖುಬಾಯಿಯಿಂದ ಹಿಡಿದು ಎಲ್ಲರೂ ಮರಾಠಿ ಬರೆಯುವವರು. ಕನ್ನಡ ಬರೆಯುವವರು ಇಬ್ಬರೇ, ಯಾರು ಎಂದು ನೀನು ಕೇಳಬೇಕಾಗಿರಲಿಲ್ಲ. “ಕಾಕಾ, ಇದು ನನ್ನ ಅಕ್ಷರ ಅಲ್ಲರಿ” ಎಂದೆ, ಅಷ್ಟೇ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಆ ಮನುಷ್ಯನ ಎದುರು ನಕ್ಕು, “ಜ್ವರದಾಗ ಬರದೀ ನೋಡು, ಕೈ ನಡಗೇತಿ, ಅದಕ್ಕ ಹಂಗ ಕಾಣತೈತಿ” ಎಂದುಬಿಟ್ಟೆ. ನೀನು ನನ್ನ ಮುಖ ನೋಡಿದೆ. ಹೊರಗಿನವನ ಎದುರು ಕಾಕಾನ ಮರ್ಯಾದೆ ಹೋಗಬಾರದೆಂದು ತಲೆ ತಗ್ಗಿಸಿ, “ತಪ್ಪಾತರಿ” ಎಂದು ಧೋಂಡಪ್ಪನಿಗೆ ಕೈ ಮುಗಿದೆ. ಅವನು ನಿನ್ನನ್ನು ನೋಡುತ್ತಾ ನೋಡುತ್ತಾ ಹೋದ. ಅದಾದ ಮೇಲೆ ನೀನು ಕತ್ತಲೆ ಖೋಲಿಯೊಳಗೆ ಹೆಜ್ಜೆ ಇಡಲಿಲ್ಲ. ಮರುವರ್ಷದ ಚಾತುರ್ಮಾಸಕ್ಕೆ ಮಾತಾಜಿಯವರ ಸಂಘದ ಜೊತೆ ಹೊರಟೆ.

ನೀನು ಹೋದ ಮೇಲೆ ನಾನು ಮಾಡಿದ ಶಾಣ್ಯಾತನವನ್ನೂ ಕೇಳು. ಸ್ಕೂಟರಿಗೆ ಎರಡು ಚೀಲ ಹಿತ್ತಾಳೆ ಬ್ಯಾಟರಿ ಕಟ್ಟಿಕೊಂಡು ಊರೂರು ತಿರುಗಿ, ನಾನು ಬರೆದ ಚೀಟಿ ಇದ್ದವನ್ನು ಬೇಡಿ ಇಸಿದುಕೊಂಡೆ, ಬದಲಿಗೆ ಅಸಲಿ ಮಾಲು ಕೊಟ್ಟೆ. ತೊಂಬತ್ತರಷ್ಟು ಸಿಕ್ಕವು. ಉಳಿದವರಲ್ಲಿ ಹಲವರು ಕೊಡಲೇ ಇಲ್ಲ. ಮಾಧವನಗರದ ಒಬ್ಬಳು ಮುದುಕಿ ಪ್ಲಾಸ್ಟಿಕ್ಕಿನದನ್ನು ಸೆರಗಿನೊಳಗೆ ಮುಚ್ಚಿಕೊಂಡು, “ಹಗರ ಐತಿ, ಛಲೋ ಉರೀತೈತಿ, ನಿನ್ನ ಕಬ್ಬಿಣದ ಗುಂಡ ನಿನ್ನ ಹಂತ್ಯಾಕ ಇರ್ಲಿ ಹೋಗೋ” ಎಂದು ನನ್ನನ್ನು ಅಟ್ಟಿದಳು. ನಗು ಬರುತ್ತದೆಯಲ್ಲವೇ? ನನಗೂ ಬಂತು, ಊರ ಹೊರಗಿನ ನಾಕಾ ದಾಟುವತನಕ. ಪ್ರೆಸ್ಸು, ಡೈ ಎಲ್ಲ ಹೋಳಿಯ ಮುಂದೆ ಮಾರಿದೆ. ಸಖುಬಾಯಿ ಈಗ ಬೇರೆ ಶೆಡ್ಡಿನಲ್ಲಿ ಔಷಧದ ಡಬ್ಬಿ ತುಂಬುತ್ತಾಳೆ, ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾಳೆ. ನಾನು ಬಾಗಿಲ ಮುಂದೆ ಒಂದು ಟೇಬಲ್ಲು ಹಾಕಿಕೊಂಡು ಹಳೆಯ ಬ್ಯಾಟರಿ ರಿಪೇರಿ ಮಾಡುತ್ತೇನೆ. ದಿನಕ್ಕೆ ಇಬ್ಬರು ಬಂದರೆ ಜಾತ್ರೆ.

ನಿನ್ನೆ ಕ್ಷಮಾವಣಿ. ಪ್ರತಿ ವರ್ಷ ಮನೆಮನೆಗೆ ಹೋಗಿ ಪೇಢೆ ಹಂಚಿದ ಹಾಗೆ “ಉತ್ತಮ ಕ್ಷಮಾ” ಹಂಚಿ ಬರುತ್ತಿದ್ದೆ, ಯಾರ ಬಳಿ ಯಾವ ತಪ್ಪಿಗೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಿನ್ನೆ ಬೇರೆ ಯಾರ ಮನೆಗೂ ಹೋಗದೆ ನೇರ ಹರಿಪುರಕ್ಕೆ ಹೋದೆ. ಧೋಂಡಪ್ಪ ನಮ್ಮ ಧರ್ಮದವನಲ್ಲ, ಅವನಿಗೆ ಈ ಪದ್ಧತಿ ಗೊತ್ತಿಲ್ಲ. ಕೈ ಮುಗಿದು ನಿಂತವನನ್ನು ಕಂಡು “ಏನಾತ್ರಿ ಸಾವಕಾರ, ಬರ್ರಿ, ಕುಂದ್ರಿ” ಎಂದ. ಕೂರಲಿಲ್ಲ, ನಿಂತೇ ಎಲ್ಲ ಹೇಳಿದೆ. ಮಾಲು ಎಲ್ಲಿಯದು, ಚೀಟಿ ಯಾರದು, ನೀನು ಯಾಕೆ ಕೈ ಮುಗಿದೆ, ಎಲ್ಲ. ಅವನು ಕಾಲು ನೀವಿಕೊಳ್ಳುತ್ತ ಕೇಳಿದ. ಆ ಕಾಲು ಈಗಲೂ ಡೊಂಕಾಗಿದೆ. ಕೊನೆಗೆ, “ಆ ಪೋರಿ ಮ್ಯಾಲ ಎರಡ ವರ್ಷ ಸಿಟ್ಟ ಇಟಗೊಂಡ ಕುಂತಿದ್ದೆ ನಾನು. ನೀವು ಈಗ ಕ್ಷಮಾ ಅಂದ್ರ ಈ ಕಾಲ ನೆಟ್ಟಗ ಆಗತೈತೇನ್ರಿ?” ಎಂದು ಕೋಲು ಊರಿಕೊಂಡು ಒಳಗೆ ಹೋದ. ತಿರುಗಿ ಬರಲಿಲ್ಲ. ಅವನ ಹೆಂಡತಿ ಒಂದು ತಂಬಿಗೆ ನೀರು ತಂದಿಟ್ಟಳು. ಕುಡಿದು ಬಂದೆ. ಕ್ಷಮೆ ಸಿಕ್ಕಿತು ಎಂದು ನಿನಗೆ ಬರೆಯುವ ಆಸೆಯಿತ್ತು, ಸಿಗಲಿಲ್ಲ. ಆದರೆ ಆ ಒಂದು ಮನೆಯಲ್ಲಾದರೂ ನಿನ್ನ ಹೆಸರು ತೊಳೆದು ಬಂದಿದ್ದೇನೆ.

ಈಗ ನನಗೆ ಹೇಳು, ನೀನು ಯಾಕೆ ಹೊರಟಿದ್ದೀ? ರಾತ್ರಿ ಹೊರಗೆ ಹೋಗುವಾಗ ಇರುವೆ ತುಳಿದೇನೆಂದು ನೀನು ಬೆಳಕನ್ನು ಅಂಗಾಲಿನ ಹತ್ತಿರವೇ ಹಿಡಿಯುತ್ತಿದ್ದೆ. ಇಬ್ಬರು ವರರನ್ನು ನೋಡದೆಯೇ ಬೇಡ ಎಂದಿದ್ದೆ. ಹಾಗಾದರೆ ಈ ದಾರಿ ನಿನಗೆ ಮೊದಲಿನಿಂದಲೂ ಇತ್ತು, ನನ್ನ ಚೀಟಿಗಿಂತ ಹಿಂದಿನದು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಮರುಗಳಿಗೆಯೇ, ಇದು ಮುದುಕ ತಾನು ಪಾರಾಗಲು ಹುಡುಕಿದ ಸಂದಿ ಅನಿಸುತ್ತದೆ. ಕಾಕು ಎಣ್ಣೆ ಹಚ್ಚಿ ಬೆಳೆಸಿದ ಆ ಕೂದಲನ್ನು ದೀಕ್ಷೆಯ ದಿನ ಒಂದೊಂದೇ ಹಿಡಿಯಾಗಿ ಕೈಯಿಂದ ಕೀಳುತ್ತಾರೆ. ಧರ್ಮಕ್ಕೆ ಎಂದರೆ ಎದುರು ನಿಂತು ನೋಡುತ್ತೇನೆ. ನನ್ನ ತಪ್ಪಿಗೆ ಎಂದರೆ ನನ್ನಿಂದಾಗದು. ಆಮೇಲೆ ನೀನು ನನ್ನ ಮಗಳಲ್ಲ, ನಾನು ನಿನ್ನ ಕಾಕಾ ಅಲ್ಲ. ಯಾರಿಗೂ ಬಾಗದ ಈ ಮೊಂಡ ಟೊಣ್ಯಾ ನಿನಗೆ “ವಂದಾಮಿ” ಎಂದು ನೆಲಕ್ಕೆ ಹಣೆ ಹಚ್ಚಬೇಕು. ಕನ್ನಡಿಯ ಮುಂದೆ ಎರಡು ಸಲ ಮಾಡಿ ನೋಡಿದೆ. ಮೊಣಕಾಲು ಬಾಗುತ್ತದೆ, ಬಾಯಿಂದ ಮಾತ್ರ ‘ಜಿನಾ’ ಎಂದೇ ಬರುತ್ತದೆ.

ಮಾತಾಜಿಯವರಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ಥಂಡಿ ಹತ್ತದಂತೆ ನೋಡಿಕೋ. ಕಾಕು ಆಶೀರ್ವಾದ ಬರೆಯಿರಿ ಎಂದಳು, ಎಷ್ಟು ಎಂದು ಕೇಳಿದೆ, ಹಾಳಿ ತುಂಬುವಷ್ಟು ಎಂದಳು. ಹಾಳಿ ತುಂಬಿದೆ.

ನಿನ್ನ
ನೇಮಿನಾಥ ಕಾಕಾ

ತಾ.ಕ.: ಪೋಸ್ಟಿನ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಬೇರೆ ಕಾಗದವಿದೆ, ಅದೇ ಒಪ್ಪಿಗೆ. ಇಬ್ಬರೂ ಸಹಿ ಹಾಕಿದ್ದೇವೆ, ಕಾಕುವಿನ ಸಹಿ ಸ್ವಲ್ಪ ಒದ್ದೆಯಾಗಿದೆ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇವೆ, ಆ ಕರಾರಿನ ಮೇಲೆಯೇ ಕಾಕು ಒಪ್ಪಿದಳು. ನನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿದ್ದರೆ ನೀನೇ ತಾರೀಖು ಹಾಕಿ ಮಾತಾಜಿಯವರಿಗೆ ಕೊಡು, ದಸರೆಗೆ ನಾವಿಬ್ಬರೂ ಬರುತ್ತೇವೆ. ಹೋಗಿರದಿದ್ದರೆ ಹಾಕಬೇಡ. ದಸರೆ ಮುಂದಿನ ವರ್ಷವೂ ಬರುತ್ತದೆ. ಮೊದಲು ಮನೆಗೆ ಬಂದು ನನ್ನನ್ನು ಬೈದು ಹೋಗು. ನೀನು ಇನ್ನೂ ಒಮ್ಮೆಯೂ ಬೈದಿಲ್ಲ.