ಜೊತೆಗಿರುವವರಿಗೆ ಗೊತ್ತಿರಲಿ

ಡಿ. 14, ಭಾನುವಾರ. ಕೊಗನೊಳ್ಳಿ

ಮತ್ತೆ ಬ್ಯಾಗು ಬಿಚ್ಚಿ ಕಟ್ಟಿದೆ. ಸ್ಲೀಪಿಂಗ್ ಬ್ಯಾಗ್ ಒಳಗೆ ಹಿಡಿಸುತ್ತಲೇ ಇಲ್ಲ. ನಿಪ್ಪಾಣಿ ಕಾಲೇಜಿಗೆ ಸೇರಿದಾಗಿನಿಂದ ಕಳಿಸು ಎಂದು ಅವ್ವನನ್ನು ಕೇಳುತ್ತಿದ್ದೆ, ಕೊನೆಗೂ ರಾಂಗಣಾ ಗಡದ ಕೋಟೆಗೆ ಟ್ರೆಕ್ಕು! ಸ್ಪೋರ್ಟ್ಸಿನ ಅರ್ಶಿಯಾ ಮ್ಯಾಡಮ್ ಕರೆದುಕೊಂಡು ಹೋಗುತ್ತಾರೆ. ಟಾರ್ಚು, ಸೀಟಿ, ಹಗ್ಗ, ಓಆರ್‌ಎಸ್, ಸ್ವೆಟರ್ರು — ಗ್ರೂಪಿನಲ್ಲಿ ಅವರು ಹಾಕಿದ್ದೆಲ್ಲ ಸೇರಿತು. ಅವ್ವ ಹಾಕಿದ್ದು ಅದರ ಎರಡರಷ್ಟು. ಶೇಂಗಾ ಹೋಳಿಗೆಯ ಡಬ್ಬಿ ಒಂದೇ ಟೆಂಟಿನಷ್ಟು ಭಾರ.

"ಹೊತ್ತ ಮುಳುಗೂದ್ರಾಗ ಉಂಡಬಿಡು. ಗುಳಗಿ ಮರೀಬ್ಯಾಡ."

ಗುಳಿಗೆ ಎನ್ನುವಾಗ ಮಾತ್ರ ದನಿ ತಗ್ಗುತ್ತದೆ. ನಮ್ಮ ಮನೆಯಲ್ಲಿ ಫಿಟ್ಸ್ ಎಂಬ ಶಬ್ದವೇ ಇಲ್ಲ. 'ಅದು' ಅಷ್ಟೇ.

ಡಿ. 17

ಮಿರಜಿನ ಆಸ್ಪತ್ರೆಗೆ ಹೋಗಿ ಬಂದೆವು. ಡಾಕ್ಟರು ರಿಪೋರ್ಟ್ ನೋಡಿ ಅವ್ವನ ಜೊತೆ ಒಳಗೆ ತುಂಬಾ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದು, ಟ್ರೆಕ್ಕಿಗೆ ಹೋಗಬಹುದು ಎಂದರು. ನಿದ್ದೆಗೆಡಬಾರದು, ಗುಳಿಗೆ ತಪ್ಪಬಾರದು, ಜೊತೆಗಿರುವವರಿಗೆ ಗೊತ್ತಿರಬೇಕು.

ಬಸ್ಸಿನಲ್ಲಿ ಪಪ್ಪಾಗೆ ಫೋನು ಮಾಡಿದ ಅವ್ವ ಮೊದಲಿನ ಎರಡನ್ನಷ್ಟೇ ಹೇಳಿದಳು. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಸಿಟ್ಟು ಬಂದಿತ್ತು.

ಡಿ. 21, ಭಾನುವಾರ

ಶೇಡಬಾಳದವರು ನನ್ನನ್ನು ನೋಡಲು ಬಂದು ಹೋದರು. ಹುಡುಗ ಜಿನೇಂದ್ರ. ಒಳ್ಳೆಯವನ ಹಾಗೆಯೇ ಕಾಣುತ್ತಾನೆ, ನಾಚಿಕೆ ಸ್ವಭಾವ. ಉಳ್ಳಾಗಡ್ಡಿ ಇಲ್ಲದ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡ. "ಹುಡುಗಿ ಪಸಂದ ಐತ್ರಿ" ಎಂದು ಅವರಪ್ಪ ಅಲ್ಲೇ ಹೇಳಿಬಿಟ್ಟರು.

ಅವನ ತಂಗಿ ಸ್ನೇಹಲ ನಮ್ಮ ಕಾಲೇಜಿನವಳೇ. ಟ್ರೆಕ್ಕಿಗೂ ಬರುತ್ತಾಳೆ. ಅವ್ವನ ಮುಖ ನೋಡಬೇಕಿತ್ತು.

ಡಿ. 22

ಅವ್ವ ನನ್ನ ಗುಳಿಗೆಗಳನ್ನೆಲ್ಲ ಬಿಡಿಸಿ ಕ್ಯಾಲ್ಸಿಯಂ ಬಾಟಲಿಗೆ ಹಾಕುತ್ತಾ ಕೂತಿದ್ದಳು. ಔಷಧದ ಹೆಸರಿದ್ದ ಕವರುಗಳನ್ನು ಒಲೆಗೆ ಹಾಕಿದಳು.

"ಅಲ್ಲವ್ವಾ, ನಾ ಗಡದ ಮ್ಯಾಲ ಬಿದ್ರ ಯಾರಿಗೆ ತಿಳೀಬೇಕು?"

"ಬೀಳೂದಿಲ್ಲ. ಲಗ್ನ ಆಗೂತನಾ ಬಾಯಿ ಮುಚ್ಚಗೊಂಡಿರು. ಒಮ್ಮಿ ಹೆಸರ ಕೆಟ್ತಂದ್ರ ಈ ಕಡೆ ಸಾಂಗಲಿತನಾ ಒಬ್ರೂ ನಮ್ಮ ಹೊಸ್ತಲಾ ದಾಟೂದಿಲ್ಲ, ತಿಳೀತಿಲ್ಲೊ?"

"ಲಗ್ನ ಆದಮ್ಯಾಲ ಅವ್ರ ಮನ್ಯಾಗ ಬಿದ್ರ?"

ಅವ್ವ ಬಾಟಲಿಯ ಮುಚ್ಚಳ ತಿರುವಿದಳು. ಪಪ್ಪಾ ಪೇಪರು ಮಡಚಿಟ್ಟು ತೋಟದ ಕಡೆ ಹೊರಟುಬಿಟ್ಟರು. ಅವರ ಉತ್ತರ ಯಾವಾಗಲೂ ಅದೇ.

ಇಡೀ ದಿನ ಅವ್ವನ ಜೊತೆ ಮಾತಾಡಲಿಲ್ಲ. ಸಂಜೆ ನೋಡಿದರೆ ನನ್ನ ಶೂಗಳನ್ನು ತೊಳೆದು ಒಣಹಾಕಿದ್ದಳು. ಇವಳ ಮೇಲೆ ನೆಟ್ಟಗೆ ಸಿಟ್ಟು ಮಾಡುವುದೂ ಆಗುವುದಿಲ್ಲ.

ಡಿ. 27, ಶನಿವಾರ. ಪಾಟಗಾಂವ, ಬೆಳಿಗ್ಗೆ

ಆದಷ್ಟು ಬರೆದುಬಿಡುತ್ತೇನೆ. ಉಳಿದವರು ನೀರು ತುಂಬಿಕೊಳ್ಳುತ್ತಿದ್ದಾರೆ. ಇಲ್ಲಿಂದ ಗಡದ ಹಾದಿ, ಮುಂದೆ ಫೋನಿಗೆ ರೇಂಜ್ ಸಿಗುವುದಿಲ್ಲವಂತೆ.

ಗಾಡಿ ಇಳಿದ ಕೂಡಲೇ ಮ್ಯಾಡಮ್ ಎಲ್ಲರ ಬ್ಯಾಗು ಬಿಚ್ಚಿಸಿದರು. ನನ್ನದರಲ್ಲಿದ್ದ ಬಾಟಲಿ ಎತ್ತಿ, ನನ್ನ ಹೆಸರು ಹಿಡಿದು ಕೇಳಿದರು: "ಬ್ರಾಹ್ಮೀ, ಏನಿದು?"

"ಕ್ಯಾಲ್ಸಿಯಂ, ಮ್ಯಾಡಮ್."

ಎಷ್ಟು ಸಲೀಸಾಗಿ ಬಂತು ಸುಳ್ಳು! ಆಮೇಲೆ ಜೋಡಿ ಮಾಡಿದರು. ನಾನು, ಸ್ನೇಹಲ. "ಹಾದಿ ಸಣ್ಣದೈತಿ, ಒಂದ ಮಗ್ಗಲಿಗೆ ಆಳ ದರಿ. ಒಬ್ಬಾಕಿ ಜಾರಿದ್ರ ಇನ್ನೊಬ್ಬಾಕಿ ಕೈ ಹಿಡೀಬೇಕು, ಬಿಡಬಾರದು."

ಸ್ನೇಹಲ ನಕ್ಕು ನನ್ನ ಕೈ ಹಿಡಿದಳು, ಬಿಗಿಯಾಗಿ. ನಾನು ಬಿದ್ದರೆ ಇವಳೂ ಹೋಗುತ್ತಾಳೆ. ಏನೂ ಗೊತ್ತಿಲ್ಲದೆ ಹೋಗುತ್ತಾಳೆ.

"ಮ್ಯಾಡಮ್, ಅದು ಕ್ಯಾಲ್ಸಿಯಂ ಅಲ್ಲ. ನನಗ ಫಿಟ್ಸ್ ಬರ್ತಾವ."

ಎಲ್ಲರಿಗೂ ಕೇಳಿಸಿತು. ಸ್ನೇಹಲ ಕೈ ಬಿಟ್ಟಳು. ಮ್ಯಾಡಮ್ ಬೈಯಲಿಲ್ಲ. "ಬರೂಕಿಂತ ಮೊದಲ ಏನಾಗತೈತಿ? ಬಂದ್ರ ನಾವ ಏನ ಮಾಡಬೇಕು?" ಎಂದರು.

ನನಗೆ ಗೊತ್ತಿಲ್ಲ. ಹತ್ತನೇ ಕ್ಲಾಸಿನಿಂದ ನನ್ನದೇ ಮೈಗೆ ಬರುತ್ತಿರುವುದನ್ನು ನಾನು ಒಮ್ಮೆಯೂ ನೋಡಿಲ್ಲ. ಯಾರನ್ನೂ ಕೇಳಿಯೂ ಇಲ್ಲ.

"ಅವ್ವಗ ಫೋನ್ ಹಚ್ಚು."

ಸ್ಪೀಕರಿಗೆ ಹಾಕಿದರು. ನಾನೇ ಹೇಳಿದೆ: "ಅವ್ವಾ, ಎಲ್ಲಾ ಹೇಳೇನಿ. ಸ್ನೇಹಲನೂ ಇಲ್ಲೇ ಅದಾಳ."

ಕಟ್ ಮಾಡುತ್ತಾಳೆ ಅಂದುಕೊಂಡೆ. ಆದರೆ ದನಿ ಬಂತು. ಸಣ್ಣ ದನಿ, ತಡೆತಡೆದು.

"ಮೊದಲ... ಎಡಗಡೆ ತುಟಿ ಅದರತೈತ್ರಿ. ಕರದ್ರ ಓ ಅನ್ನೂದಿಲ್ಲ. ಆವಾಗ ಕೆಳಗ ಕುಂಡ್ರಸ್ರಿ. ಬಿದ್ರ ಮಗ್ಗಲಕ ಹೊರಳಸ್ರಿ, ತಲಿ ಕೆಳಗ ಮೆತ್ತಂದ ಏನಾರ ಇಡ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ. ಒತ್ತಿ ಹಿಡೀಬ್ಯಾಡ್ರಿ. ಮಂದಿ ಚಪ್ಪಲಿ ಮೂಸಸ್ತಾರ, ಕೈಯಾಗ ಕಬ್ಬಿಣಾ ಕೊಡ್ತಾರ, ಅದೇನೂ ಬ್ಯಾಡ. ಐದ ಮಿನಿಟ ದಾಟಿದ್ರ ಮಾತ್ರ ದವಾಖಾನಿಗೆ ಓಡ್ರಿ."

ಇಷ್ಟನ್ನೂ ಇವಳು ಯಾವಾಗ ಕಲಿತಳು?

ಸ್ನೇಹಲ ಫೋನಿನ ಹತ್ತಿರ ಬಂದು ಬಗ್ಗಿದಳು. "ಕಾಕೂ, ಐದ ಮಿನಿಟ ಅಂದ್ರಿ. ನಾ ವಾಚ್ ನೋಡತೇನಿ. ಎಚ್ಚರಾದಮ್ಯಾಲ ಏನ ಮಾಡಬೇಕ್ರಿ?"

ಅವ್ವನಿಗೆ ಅಳು ಬಂತು. ಆಮೇಲೆ ಹೇಳಿದಳು: "ಸುತ್ತಾ ನಿಂದ್ರಬ್ಯಾಡ್ರೆವ್ವಾ, ಆಕಿ ಹೆದರ್ತಾಳ. ಒಬ್ಬಾಕಿ ಅಷ್ಟ ಹತ್ರ ಕುಂಡ್ರು. ಏನೂ ಆಗಿಲ್ಲ, ನಿದ್ದಿ ಹತ್ತಿತ್ತು ಅಂತ ಹೇಳು. ಪ್ರತೀ ಸಲಾ ನಾ ಹಂಗ ಹೇಳತೇನಿ. ಆಕಿ ಖರೇ ಅಂತ ತಿಳಕೋತಾಳ."

ಗಡದ ಅಂಚಿಗೆ ಹೋಗುವುದು ಬೇಡ, ತಮ್ಮ ಜೊತೆಗೇ ನಡೆಯಬೇಕು ಎಂದಿದ್ದಾರೆ ಮ್ಯಾಡಮ್. ಸ್ನೇಹಲ ಮನೆಗೆ ಹೋಗಿ ಜಿನೇಂದ್ರನಿಗೆ ಹೇಳುತ್ತಾಳೆ. ಹೇಳಲಿ. ಹೇಳಲೇಬೇಕು. ನನಗೆ ಈಗ ಅದರ ಚಿಂತೆಯೇ ಇಲ್ಲ.

'ಅದು' ಬಂದದ್ದು ನನಗೆ ಗೊತ್ತಿರುವುದು ಮೂರೇ ಮೂರು ಸಲ. ಮಿಕ್ಕ ದಿನಗಳಲ್ಲಿ ಎಷ್ಟೋ ಮಧ್ಯಾಹ್ನ ಅವ್ವ ತಲೆ ನೇವರಿಸುತ್ತಾ, ನಿದ್ದಿ ಹತ್ತಿತ್ತವ್ವಾ, ಏಳು ಎಂದು ಎಬ್ಬಿಸಿದ್ದಾಳೆ. ನನಗೆ ನಿದ್ದೆ ಜಾಸ್ತಿ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆ. ಅದರಲ್ಲಿ ಎಷ್ಟು ನಿದ್ದೆ, ಎಷ್ಟು ಫಿಟ್ಸ್?