ಫರಸಿಯೊಳಗಿನ ಹೂ

ಚಿಂಬಲ್, ಗೋವಾ
12 ಫೆಬ್ರುವರಿ 1989

ನನ್ನ ಮುದ್ದು ಅಮ್ಮಿಗೆ,

ನಿನ್ನ ಖಾತುನಳ ಸಲಾಮು, ಜೊತೆಗೆ ಎರಡು ಮುತ್ತು! ಮದುವೆಯಾಗಿ ಮೂರೇ ತಿಂಗಳು, ಆದರೂ ಇವರ ಬಗ್ಗೆ ಬರೆಯಲು ಒಂದು ದಸ್ತು ಕಾಗದ ಸಾಲದು. ಇವತ್ತು ಮಾತ್ರ ಬೈಯಬೇಡ ಅಮ್ಮಿ. ನೀನು ಮುಚ್ಚಿಡು ಎಂದದ್ದನ್ನು ಬಾಯಿ ಬಿಟ್ಟಿದ್ದೇನೆ.

ಬುಧವಾರ ಇವರಿಗೆ ಬುತ್ತಿ ಒಯ್ದಿದ್ದೆ. ಸಮುದ್ರದಂಡೆಯಲ್ಲಿ ಏಳುತ್ತಿರುವ ಹೊಸ ಹೋಟೆಲಿನ ನೆಲದ ಫರಸಿಗೆ ಇವರು ಪಾಲಿಶ್ ಮಾಡುತ್ತಾರೆ. ಪರದೇಶದಿಂದ ಹಡಗಿನಲ್ಲಿ ಬಂದ ಬೂದು ಸುಣ್ಣಕಲ್ಲು. ಅದರ ತುಂಬ ಅಂಗಿಗುಂಡಿಯಂಥ ಬಿಳಿ ಚಕ್ರಗಳು. ಅವೆಲ್ಲ ಕಲ್ಲಿನ ಹುಳುಕೆಂದು ಇವರು ಚಾಣದಿಂದ ಕೆತ್ತಿ ತೆಗೆದು, ತೂತಿಗೆ ಪುಟ್ಟಿ ತುಂಬುತ್ತ ಕುಳಿತಿದ್ದರು. ಎಷ್ಟು ಶ್ರದ್ಧೆಯಿಂದ ಅಂತೀ!

ಕಿರುಚಿಬಿಟ್ಟೆ. ಅವು ಕ್ರೈನಾಯ್ಡ್, ಮೂವತ್ತು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಹೂವಿನ ಹಾಗೆ ನಿಂತಿದ್ದ ಪ್ರಾಣಿಗಳ ದಂಟಿನ ಚೂರು ಎಂದು ಒಂದೇ ಉಸಿರಿಗೆ ಹೇಳಿದೆ. ಇವರು ಚಾಣ ಕೆಳಗಿಟ್ಟು, "ಹತ್ತನೇ ಕ್ಲಾಸಿನ ಪುಸ್ತಕದಾಗ ಇದೆಲ್ಲಾ ಇರ್ತದೇನ?" ಎಂದರು.

ಏಳನೇ ತರಗತಿ ಓದಿದ ವರ ಒಪ್ಪಲಿಕ್ಕಿಲ್ಲವೆಂದು ನಾನು ಹತ್ತನೇ ತರಗತಿ ಮಾತ್ರ ಓದಿದವಳು ಅಂತ ನೀನು ಅಂದಿದ್ದೆಯಲ್ಲ! ಕಾನ್ವೆಂಟಿನ ಇಂಗ್ಲಿಷು, ಧಾರವಾಡದ ಬಿ.ಎಸ್ಸಿ. ಭೂವಿಜ್ಞಾನ, ಎಲ್ಲವನ್ನೂ ಅಲ್ಲೇ ಒಪ್ಪಿಕೊಂಡೆ. "ಮೂರು ತಿಂಗಳು ನನ್ನ ಬಾಜೂಕ ಕುಂತು ಸುಳ್ಳ ನಕ್ಕೀಯಲ್ಲ" ಎಂದಷ್ಟೇ ಅಂದರು. ಆಮೇಲೆ ಎರಡು ದಿನ ಬುತ್ತಿ ಬೇಡವೆಂದು ನಸುಕಿಗೇ ಹೊರಟುಹೋದರು. ತವರಿಗೆ ಕಳಿಸಿಯೇಬಿಡುತ್ತಾರೆಂದು ಬಟ್ಟೆ ಕೂಡ ಮಡಚಿಟ್ಟಿದ್ದೆ. ಈ ಸಾಲನ್ನು ಅಬ್ಬಾಗೆ ಓದಬೇಡ.

ನಿನ್ನೆ ಸಂಜೆ ಕೊಯ್ದುಳಿದ ಕಲ್ಲಿನ ತುಂಡುಗಳನ್ನು ಟವೆಲಿನಲ್ಲಿ ಗಂಟು ಕಟ್ಟಿ ತಂದು ನನ್ನ ಮುಂದೆ ಸುರಿದರು. "ಬಾಯಾರ, ಇವಕ್ಕ ಏನಂತಾರ ಹೇಳ್ರಿ" ಎಂದರು. ಸಾಲಿಯ ಟೀಚರಿಗೆ ಅನ್ನುವ ಹಾಗೆ ನನಗೆ ರೀ ಹಚ್ಚಿ! ಒಂದರಲ್ಲಿ ಐದೆಸಳಿನ ಮೊಗ್ಗಿನಂಥ ಬ್ಲಾಸ್ಟಾಯ್ಡ್ ಇತ್ತು. ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ನಾನೆಂದೂ ಕಂಡದ್ದಲ್ಲ. ಸಿಗುವುದು ಅಪರೂಪ ಎಂದೆ. "ಹಂಗಾರ ಇಂಥಾವು ಎಷ್ಟು ಕೆತ್ತಿ ಒಗದೇನೋ ಏನೋ!" ಎಂದು ತಲೆ ಬಡಿದುಕೊಂಡು ನಕ್ಕರು. ಕೆಲಸ ನೋಡಿಕೊಳ್ಳುವ ಮುಕಾದಮನಿಗೂ ಹೇಳಿ ಬಂದಿದ್ದಾರೆ, "ಹುಳುಕಲ್ರಿ ಅದು, ನಮ್ಮ ಮನಿಯಾಕಿ ಬಿ.ಎಸ್ಸಿ. ಓದ್ಯಾಳ" ಅಂತ. ಉಳಿದ ಫರಸಿಗೆ ಇನ್ನು ಪುಟ್ಟಿ ಇಲ್ಲ. ಈಗ ನಮ್ಮ ಒಂದೇ ಕೋಣೆಯ ಕಿಟಕಿಯ ತುಂಬ ಕಲ್ಲುಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಹೆಸರು ನಾನು ಹೇಳುವುದು, ಬರೆಯುವುದು ಇವರು.

ನಿನ್ನ ಹುಚ್ಚು ಮಗಳು,
ಖಾತುನ

ತಾ.ಕ.: ಟ್ರಂಕಿನಲ್ಲಿರುವ ನನ್ನ ಪದವಿ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ನನ್ನ ಹೆಸರಿಗಲ್ಲ, ಮಲಿಕಸಾಬ ಎಂದು ಇವರ ಹೆಸರಿಗೆ. ಇವರು ಕೇಳಿಲ್ಲ. ಆದರೂ ಲಕೋಟೆ ಇವರೇ ಒಡೆಯಲಿ.