ಎರಡು ಪಟ್ಟಿ ತೆರೆದದ್ದು ನಾನು

ಮೇಡಂ ಅವರಿಗೆ ನಮಸ್ಕಾರ.

ಕ್ಲಿನಿಕ್ಕಿನ ವೆಬ್‌ಸೈಟ್ ಇಬ್ಬರು ರೋಗಿಗಳಿಗೆ ಒಂದೇ ಸಮಯ ಕೊಟ್ಟ ತಪ್ಪು ನಿಮ್ಮ ಹಳೆಯ ಕೋಡಿನದಲ್ಲ, ನನ್ನದು. ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಬೇಕಾದದ್ದನ್ನು ಒದಗಿಸಲು ನೀವು ಒಂದು ಫ್ರೇಮ್‌ವರ್ಕ್ ಹಾಕಿದ್ದಿರಿ. ನಾನು ಅದರ ಜೊತೆಗೆ ಹೊಸದೊಂದನ್ನು ಸೇರಿಸಿದೆ. ಸಮಯ ಕಾಯ್ದಿರಿಸಿದವರ ಪಟ್ಟಿ ಒಂದೇ ಇರಬೇಕಿತ್ತು. ಎರಡು ಫ್ರೇಮ್‌ವರ್ಕ್‌ಗಳೂ ತಮ್ಮ ತಮ್ಮದೇ ಪಟ್ಟಿ ತೆರೆದು ಕೂತಿದ್ದವು; ಒಂದರಲ್ಲಿ ತುಂಬಿದ ಸಮಯ ಇನ್ನೊಂದರಲ್ಲಿ ಖಾಲಿ ಕಾಣುತ್ತಿತ್ತು.

ನೀವು ರಾಜೀನಾಮೆ ಕೊಡುವುದಕ್ಕೆ ಎರಡು ದಿನ ಮೊದಲೇ ನನಗಿದು ಗೊತ್ತಾಗಿತ್ತು. ಸಭೆಯಲ್ಲಿ ಎಲ್ಲರೂ ನಿಮ್ಮ ಕಡೆ ಬೆರಳು ತೋರಿಸುವಾಗ ನಾನು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದೆ.

ಈಗ ಹೊಸ ಫ್ರೇಮ್‌ವರ್ಕ್ ನಿಮ್ಮದರಿಂದಲೇ ಪಟ್ಟಿಯನ್ನು ಕೇಳಿ ಪಡೆಯುವಂತೆ ಮಾಡಿದ್ದೇನೆ. ಇವತ್ತು ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ.

“ಅವತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ರಾ?” ಅಂದರು.

“ಹೌದು ಸರ್” ಅಂದೆ. ಅವರು “ಯಾವ ಮುಖ ಇಟ್ಕೊಂಡು ಅವರನ್ನ ವಾಪಸ್ ಕರೀಲಿ?” ಎಂದು ಕೇಳಿದರು.

ನಾಳೆ ಬೆಳಿಗ್ಗೆ ನಿಮಗೆ ಫೋನ್ ಮಾಡುತ್ತಾರೆ. ದಯವಿಟ್ಟು ಎತ್ತಿ. ಬರುವುದು, ಬಿಡುವುದು ನಿಮಗೆ ಬಿಟ್ಟದ್ದು. ಬಂದರೆ, ನನ್ನ ಕೋಡನ್ನು ಒಮ್ಮೆ ನೋಡಿ. ನನ್ನ ಜೊತೆ ಮಾತಾಡದಿದ್ದರೂ ಸರಿ, ತಪ್ಪಿದ್ದಲ್ಲಿ ಒಂದು ಗುರುತು ಹಾಕಿ.

ಇಂತಿ,
ನೀವು ಕೆಲಸ ಕಲಿಸಿದವಳು